ಗುಡ್ಡದ ಗಾಳಿಗೆ ಯಾವ ಹಾಯಿ? ಕೊಡಗಿನ ನೀರಿಗೆ ಅಪರೂಪದ ಹಾಯಿಕಂಬಗಳ ಹೋಲಿಕೆ

ಹಾಯಿದೋಣಿ ಎಂದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರುವುದು ಎತ್ತರದ ಅಲ್ಯೂಮಿನಿಯಂ ಕಂಬ, ಅದನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಬಿಗಿದ ಸ್ಟೀಲ್ ತಂತಿಗಳು, ಹಿಂದೊಂದು ದೊಡ್ಡ ತ್ರಿಕೋನ ಹಾಯಿ, ಮುಂದೊಂದು ಚಿಕ್ಕದು. ಬರ್ಮುಡಾ ಸ್ಲೂಪ್ ಎಂದು ಇದರ ಹೆಸರು. ಜಗತ್ತಿನ ವಿಹಾರದ ದೋಣಿಗಳಲ್ಲಿ ಬಹುಪಾಲು ಇದೇ ರೂಪಕ್ಕೆ ಬಂದು ನಿಂತಿವೆ. ಎದುರುಗಾಳಿಗೆ ಓರೆಯಾಗಿ ಏರುವುದರಲ್ಲಿ ಇದನ್ನು ಮೀರಿಸುವುದು ಕಷ್ಟ, ನಿಜ. ಆದರೆ ಹಾರಂಗಿ ಹಿನ್ನೀರಿಗೋ ತೋಟದ ನಡುವಿನ ಕೆರೆಗೋ ಚಿಕ್ಕ ದೋಣಿ ಇಳಿಸಬೇಕೆಂದು ಕೇಳುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ನೀರಿನಲ್ಲಿ ಜನ ವಿಚಿತ್ರವೆನಿಸುವ ಕಂಬಗಳನ್ನೂ ಹಾಯಿಗಳನ್ನೂ ಕಟ್ಟಿ ನೋಡಿದ್ದಾರೆ. ಒಂದೊಂದೂ ಯಾವುದೋ ಒಂದು ತೊಂದರೆಗೆ ಕಂಡುಕೊಂಡ ದಾರಿ. ನಮ್ಮ ತೊಂದರೆ ಯಾವುದೆಂದು ಮೊದಲು ಗೊತ್ತು ಮಾಡಿಕೊಂಡರೆ ಆಯ್ಕೆ ಅರ್ಧ ಮುಗಿದ ಹಾಗೆ.

ಇಲ್ಲಿನ ಗಾಳಿ, ಇಲ್ಲಿನ ನೀರು

ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ. ಮುಂಗಾರು ಚೆನ್ನಾಗಿ ಹಿಡಿದ ವರ್ಷ ಜುಲೈ–ಆಗಸ್ಟ್ ಹೊತ್ತಿಗೆ ಜಲಾಶಯ ತುಂಬುತ್ತದೆ. ಆ ದಿನಗಳಲ್ಲಿ ಗೇಟು ತೆರೆದು ನೀರು ಬಿಡುತ್ತಿರುತ್ತಾರೆ, ಪಡುವಣ ಗಾಳಿಗೆ ಲಂಗುಲಗಾಮಿರುವುದಿಲ್ಲ; ಹಾಯಿಯ ಮಾತು ಬೇಡ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನೀರೂ ಇರುತ್ತದೆ, ಗಾಳಿಯೂ ಹದವಾಗಿರುತ್ತದೆ. ಮಾರ್ಚ್ ಕಳೆದರೆ ದಡ ದೂರ ಸರಿಯುತ್ತದೆ, ಮುಳುಗಿದ್ದ ಕಲ್ಲು, ಬೊಡ್ಡೆಗಳು ನೀರಿನ ಮಟ್ಟಕ್ಕೆ ಬರುತ್ತವೆ. ಹೂಮಳೆಯ ಮೋಡ ಕಟ್ಟಿದ ಮಧ್ಯಾಹ್ನ ಮಳೆಗಿಂತ ಮೊದಲು ಬಿರುಗಾಳಿ ಬಂದು ಬಡಿಯುತ್ತದೆ. ಜಲಾಶಯಕ್ಕೆ ದೋಣಿ ಇಳಿಸಲು ನೀರಾವರಿ ನಿಗಮದ ಅನುಮತಿ ಬೇಕು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದಿಲ್ಲದೆ ಮುಂದಿನ ಯಾವ ಮಾತಿಗೂ ಅರ್ಥವಿಲ್ಲ. ಚಿಕ್ಲಿಹೊಳೆ ನೋಡಲು ಚೆಂದ, ಆದರೆ ಅರ್ಧವೃತ್ತದ ಕೋಡಿಯ ಮೇಲೆ ನೀರು ಹರಿಯುವಾಗ ಅದರ ಹತ್ತಿರ ಯಾವ ದೋಣಿಯೂ ಸುಳಿಯಬಾರದು.

ಸಮುದ್ರದ ಗಾಳಿ ಒಂದೇ ದಿಕ್ಕಿನಿಂದ ಗಂಟೆಗಟ್ಟಲೆ ಬೀಸುತ್ತದೆ. ನಮ್ಮದು ಹಾಗಲ್ಲ. ಗುಡ್ಡದ ನೆತ್ತಿ ದಾಟಿ, ಸಿಲ್ವರ್ ಓಕ್ ಮರಗಳ ತಲೆಗೆ ತಾಗಿ, ಮುರಿದು ಕೆಳಗಿಳಿಯುತ್ತದೆ. ಎರಡು ನಿಮಿಷ ಹಾಯಿ ಜೋತುಬಿದ್ದಿರುತ್ತದೆ, ಮರುಕ್ಷಣ ಪಕ್ಕದಿಂದ ಒಂದು ಹೊಡೆತ. ತೋಟದ ಕೆರೆಯಲ್ಲಂತೂ ದಡದ ಸುತ್ತ ಮರಗಳೇ. ನೀರಿನ ಹತ್ತಿರ ಗಾಳಿಯೇ ಇಲ್ಲದಾಗಲೂ ಮೇಲೆ ಎಲೆ ಅಲುಗಾಡುತ್ತಿರುತ್ತದೆ. ಯಾವ ಮೂಲೆಯಲ್ಲಿ ಗಾಳಿ ಹೇಗೆ ತಿರುಗುತ್ತದೆಂದು ಹಿನ್ನೀರಿನಲ್ಲಿ ಬಲೆ ಬಿಡುವವರಿಗೆ ಗೊತ್ತಿರುತ್ತದೆ. "ಮೂರು ಗಂಟೆ ಮೇಲೆ ಆ ಕಡೆ ಹೋಗ್ಬೇಡಿ ಸಾರ್, ಗಾಳಿ ಎದುರಿಂದಾನೂ ಬರ್ತದೆ, ಹಿಂದಿಂದಾನೂ ಬರ್ತದೆ" ಎಂದು ಅವರು ಹೇಳಿದರೆ ಆ ಮಾತನ್ನು ತೂಕದಿಂದ ತೆಗೆದುಕೊಳ್ಳಿ.

ಹೀಗಾಗಿ ನಮಗೆ ಬೇಕಾದ್ದು ವೇಗದ ರಿಗ್ (ಕಂಬ, ಹಾಯಿ, ಹಗ್ಗಗಳ ಒಟ್ಟು ಜೋಡಣೆ) ಅಲ್ಲ. ಹಠಾತ್ ಹೊಡೆತಕ್ಕೆ ಬಗ್ಗುವ, ಒಂದು ಹಗ್ಗ ಬಿಟ್ಟರೆ ಕೆಳಗೆ ಬೀಳುವ, ಒಬ್ಬರೇ ಎತ್ತಿ ನಿಲ್ಲಿಸಬಲ್ಲ, ಪಿಕಪ್ ಗಾಡಿಯ ಮೇಲೆ ಕಟ್ಟಿ ಒಯ್ಯಬಲ್ಲ ರಿಗ್. ಕೆಳಗಿನ ಹೋಲಿಕೆಯನ್ನೆಲ್ಲ ಈ ಅಳತೆಯಿಂದಲೇ ಮಾಡಿದ್ದೇನೆ.

ತಂತಿ ಬೇಕೆ, ಬೇಡವೆ

ಹಾಯಿಗಿಂತ ಮೊದಲು ಕಂಬ ಹೇಗೆ ನಿಲ್ಲುತ್ತದೆಂದು ನೋಡಬೇಕು. ತಂತಿ ಬಿಗಿದ ಕಂಬ ತೆಳ್ಳಗಿರಬಹುದು, ಎತ್ತರವಿರಬಹುದು. ಪಕ್ಕದ ಎಳೆತವನ್ನು ತಂತಿ ಹೊರುತ್ತದೆ, ಕಂಬಕ್ಕೆ ಬೀಳುವುದು ಮೇಲಿನಿಂದ ಕೆಳಕ್ಕೆ ಒತ್ತುವ ಭಾರ. ಆ ಭಾರ ದೋಣಿಯ ತಳವನ್ನು ಕೆಳಕ್ಕೆ ಒತ್ತಿದರೆ ತಂತಿಗಳು ಬದಿಗಳನ್ನು ಮೇಲಕ್ಕೆ ಜಗ್ಗುತ್ತವೆ. ದೋಣಿಯ ಮೈ ಇದನ್ನೆಲ್ಲ ತಡೆಯುವಷ್ಟು ಗಟ್ಟಿಯಿರಬೇಕು. ಒಂದು ತಂತಿ ಕಡಿದರೂ, ಒಂದು ಪಿನ್ ಜಾರಿದರೂ ಕಂಬ ಉರುಳಿತೆಂದೇ ಲೆಕ್ಕ.

ತಂತಿಯಿಲ್ಲದ ಕಂಬ ದೋಣಿಯ ಅಡ್ಡಹಲಗೆಯ ತೂತಿನ ಮೂಲಕ ಇಳಿದು ತಳದ ಗುಳಿಯಲ್ಲಿ ಕೂರುತ್ತದೆ, ಅಷ್ಟೇ. ಬಗ್ಗಿಸುವ ಬಲವೆಲ್ಲ ಆ ಹಲಗೆಯ ಹತ್ತಿರ ಬೀಳುವುದರಿಂದ ಅಲ್ಲಿ ಕಂಬ ದಪ್ಪಗಿರಬೇಕು, ತುದಿಗೆ ಹೋದಂತೆ ಸಣ್ಣದಾಗಬೇಕು. ಇದರ ದೊಡ್ಡ ಗುಣವೆಂದರೆ ಗಾಳಿ ಹೊಡೆದಾಗ ತುದಿ ತಾನೇ ಬಾಗುತ್ತದೆ, ಹಾಯಿಯ ಮೇಲ್ಭಾಗ ತೆರೆದುಕೊಂಡು ಹೆಚ್ಚಿನ ಗಾಳಿಯನ್ನು ಹೊರಗೆ ಚೆಲ್ಲುತ್ತದೆ. ನಮ್ಮ ಕೈ ಹಗ್ಗಕ್ಕೆ ಹೋಗುವ ಮೊದಲೇ ಕಂಬ ಅರ್ಧ ಕೆಲಸ ಮಾಡಿರುತ್ತದೆ. ಒಲಿಂಪಿಕ್ಸ್‌ನಲ್ಲಿ ಓಡುವ ಲೇಸರ್ ದೋಣಿಯನ್ನು ನೋಡಿ: 1970ರ ದಶಕದ ಆರಂಭದಲ್ಲಿ ಬಂದದ್ದು, 7.06 ಚದರ ಮೀಟರ್ ಹಾಯಿ, ಒಂದಕ್ಕೊಂದು ತೂರಿಸುವ ಎರಡು ತುಂಡಿನ ಕಂಬ, ಆಸರೆಗೆ ತಂತಿಯೇ ಇಲ್ಲ. ಅದೇ ದಶಕದಲ್ಲಿ ಅಮೆರಿಕದ ಗ್ಯಾರಿ ಹಾಯ್ಟ್ ತನ್ನ ಫ್ರೀಡಮ್ ದೋಣಿಗಳಲ್ಲಿ ಇದನ್ನೇ ದೊಡ್ಡ ಪ್ರಮಾಣಕ್ಕೆ ಒಯ್ದರು.

"ತಂತಿ ಇಲ್ಲದಿದ್ದರೆ ಮುರಿಯುವುದಿಲ್ಲವೇ" ಎಂದು ಎಲ್ಲರೂ ಕೇಳುತ್ತಾರೆ. ಒಬ್ಬರೇ ಭೂಮಿ ಸುತ್ತಿ ಬರುವ 1968ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಬಿಲ್ ಕಿಂಗ್ ಅವರ ಗಾಲ್ವೇ ಬ್ಲೇಜರ್ ದೋಣಿಗೆ ತಂತಿಯಿಲ್ಲದ ಎರಡು ಕಂಬಗಳಿದ್ದವು. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ದೋಣಿ ಮಗುಚಿ ಕಂಬಕ್ಕೆ ಹಾನಿಯಾಗಿ ಅವರು ಕೇಪ್‌ಟೌನ್‌ಗೆ ಹೋಗಬೇಕಾಯಿತು. ಐವತ್ತು ವರ್ಷದ ನಂತರ, 2018ರಲ್ಲಿ, ಅದೇ ಹೆಸರಿನ ರೇಸ್‌ನಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಅವರ ತುರಿಯಾ ದೋಣಿಯ ಕಂಬವೂ ಹಿಂದೂ ಮಹಾಸಾಗರದ ಬಿರುಗಾಳಿಗೆ ಮುರಿಯಿತು. ಅದಕ್ಕೆ ತಂತಿ ಬಿಗಿದಿತ್ತು. ಬೆನ್ನುಮೂಳೆಗೆ ಪೆಟ್ಟಾದ ಅವರನ್ನು ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು ಬಂದು ಕಾಪಾಡಿತು. ಗುಣವಾಗಿ, ಮತ್ತೆ 2022ರಲ್ಲಿ ಹೊರಟು ಎರಡನೆಯವರಾಗಿ ಮುಗಿಸಿದ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ. ಮಹಾಸಾಗರ ಮಗುಚಿ ಹಾಕಿದರೆ ಯಾವ ಕಂಬವೂ ಉಳಿಯುವ ಭರವಸೆಯಿಲ್ಲ. ನಮ್ಮ ಕೆರೆಯ ಮಟ್ಟಿಗೆ ತಂತಿಯಿಲ್ಲದ ಗಿಡ್ಡ ಕಂಬದ ಅನುಕೂಲಗಳೇ ಹೆಚ್ಚು: ದಡದಲ್ಲಿ ಎರಡು ನಿಮಿಷದಲ್ಲಿ ನಿಲ್ಲಿಸಬಹುದು, ಕೊಂಬೆ ಅಡ್ಡ ಬಂದರೆ ಎತ್ತಿ ಮಲಗಿಸಬಹುದು.

ಬ್ಯಾಲೆನ್ಸ್ ಲಗ್

ನನ್ನ ಮೊದಲ ಆಯ್ಕೆ ಇದು. ಹಾಯಿಗೆ ನಾಲ್ಕು ಮೂಲೆ. ಮೇಲಿನ ಅಂಚಿಗೊಂದು ಗಳ, ಕೆಳಗಿನ ಅಂಚಿಗೊಂದು ಗಳ. ಮೇಲಿನ ಗಳವನ್ನು ಒಂದೇ ಹಗ್ಗದಿಂದ ಕಂಬದ ತುದಿಗೆ ಏರಿಸುತ್ತಾರೆ. ಹಾಯಿಯ ಬಹುಭಾಗ ಕಂಬದ ಹಿಂದಿದ್ದು, ಸ್ವಲ್ಪ ಮುಂದಕ್ಕೂ ಚಾಚಿರುತ್ತದೆ. ಮುಂದಿರುವ ಆ ತುಣುಕೇ ಇದರ ಜೀವ. ಗಾಳಿ ಬೆನ್ನಿಗೆ ತಿರುಗಿ ಹಾಯಿ ಒಂದು ಬದಿಯಿಂದ ಇನ್ನೊಂದಕ್ಕೆ ಹಾರುವಾಗ ಅದು ತಡೆ ಹಿಡಿಯುತ್ತದೆ. ಕೆಳಗಿನ ಗಳ ತಲೆಗೆ ಬಡಿಯುವ ರಭಸ ಕಡಿಮೆಯಾಗುತ್ತದೆ. ಹಾರಂಗಿಯಂಥ ಕಡೆ, ಗಾಳಿ ಹೇಳದೆ ಕೇಳದೆ ದಿಕ್ಕು ಬದಲಿಸುವಲ್ಲಿ, ಇದೊಂದೇ ಕಾರಣಕ್ಕೆ ನಾನು ಲಗ್ ಪರ ನಿಲ್ಲುತ್ತೇನೆ.

ಹನ್ನೆರಡು ಅಡಿಯ ದೋಣಿಗೆ ಐದರಿಂದ ಆರು ಚದರ ಮೀಟರ್ ಲಗ್ ಹಾಯಿ ಸಾಕು. ಅದಕ್ಕೆ ಕಂಬ ಸುಮಾರು 4 ಮೀಟರ್. ಅಷ್ಟೇ ವಿಸ್ತಾರದ ಬರ್ಮುಡಾ ಹಾಯಿಗೆ 6 ಮೀಟರ್ ಹತ್ತಿರ ಬೇಕಾಗುತ್ತದೆ. ಹಾಯಿ ಗಿಡ್ಡವಾದಷ್ಟೂ ಗಾಳಿಯ ಒತ್ತಡ ನೀರಿಗೆ ಹತ್ತಿರ ಬೀಳುತ್ತದೆ, ದೋಣಿಯನ್ನು ವಾಲಿಸುವ ಬಲ ಅಷ್ಟು ಕಡಿಮೆ. ಆದರೆ ಲಗ್‌ನ ಮೇಲಿನ ಗಳದ ತುದಿ ಕಂಬಕ್ಕಿಂತ ಮೇಲೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಹಗ್ಗ ಬಿಟ್ಟ ಕೂಡಲೇ ಅದೂ ಇಳಿಯುತ್ತದೆ, ಬರ್ಮುಡಾದ ಕಂಬ ಇಳಿಯುವುದಿಲ್ಲ.

ಇದನ್ನು ಹದಕ್ಕೆ ತರುವುದು ಒಂದೇ ಒಂದು ಹಗ್ಗ: ಕೆಳಗಿನ ಗಳವನ್ನು ಕಂಬದ ಬುಡಕ್ಕೆ ಜಗ್ಗಿ ಕಟ್ಟುವುದು. ಹೊಸಬರು ಇದನ್ನು ಸಡಿಲ ಬಿಟ್ಟು, ಲಗ್ ಹಾಯಿ ಕೆಲಸಕ್ಕೆ ಬಾರದು ಎಂದುಬಿಡುತ್ತಾರೆ. ದಡದಲ್ಲೇ ಪರೀಕ್ಷೆ ಮಾಡಿಕೊಳ್ಳಿ. ಹಾಯಿ ಏರಿಸಿ ಬಟ್ಟೆಯ ಮಡಿಕೆ ನೋಡಿ. ಮೇಲಿನ ಗಳದ ಮುಂದಿನ ತುದಿಯಿಂದ ಹಿಂದಿನ ಕೆಳಮೂಲೆಗೆ ಓರೆ ಮಡಿಕೆ ಬಿದ್ದಿದ್ದರೆ ಗಳ ಸಾಕಷ್ಟು ನೆಟ್ಟಗೆ ಏರಿಲ್ಲ, ಕೆಳಹಗ್ಗ ಬಿಗಿಯಾಗಿಲ್ಲ. ಇನ್ನೂ ಜಗ್ಗಿ. ಮಡಿಕೆಯ ದಿಕ್ಕು ಬದಲಾಗಿ, ಮೇಲಿನ ಗಳದ ಹಿಂದಿನ ತುದಿಯಿಂದ ಮುಂದಿನ ಕೆಳಮೂಲೆಗೆ ತೆಳುವಾಗಿ ಕಾಣಿಸಿಕೊಂಡರೆ ಸರಿಯಾಯಿತು. ಗಾಳಿ ತುಂಬಿದ ಮೇಲೆ ಅದು ಮಾಯವಾಗುತ್ತದೆ. ಕೈಬಲ ಸಾಲದಿದ್ದರೆ ಎರಡು ಚಿಕ್ಕ ರಾಟೆ ಹಾಕಿ ಹಗ್ಗವನ್ನು ಮೂರು ಸುತ್ತು ಓಡಿಸಿ.

ಇದರ ಕೊರತೆ? ಎದುರುಗಾಳಿಗೆ ಬರ್ಮುಡಾದಷ್ಟು ಹತ್ತಿರ ಏರುವುದಿಲ್ಲ. ಒಂದು ಬದಿಗೆ ಓಡುವಾಗ ಬಟ್ಟೆ ಕಂಬಕ್ಕೆ ಒತ್ತಿ ಆಕಾರ ಸ್ವಲ್ಪ ಕೆಡುತ್ತದೆ. ರೇಸ್ ಓಡುವವರಿಗೆ ಇದು ದೊಡ್ಡ ವಿಷಯ. ಕುಟುಂಬದೊಂದಿಗೆ ಹಿನ್ನೀರಿನಲ್ಲಿ ಒಂದು ಸುತ್ತು ಹೋಗಿ ಬರುವವರಿಗೆ ಅಲ್ಲ.

ಜಂಕ್ ರಿಗ್

ಚೀನಾದ ಹಡಗುಗಳ ಈ ಹಾಯಿಗೆ ಅಗಲಕ್ಕೂ ಅಡ್ಡ ದಬ್ಬೆಗಳಿರುತ್ತವೆ. ಇಳಿಸಿದಾಗ ಜಗಲಿಗೆ ಹಾಕುವ ಬಿದಿರಿನ ಪರದೆಯ ಹಾಗೆ ಮಡಿಕೆ ಮಡಿಕೆಯಾಗಿ ಒಂದರ ಮೇಲೊಂದು ಕೂರುತ್ತದೆ. ಗಾಳಿ ಜೋರಾಯಿತೆಂದರೆ ಹಗ್ಗವನ್ನು ಒಂದಿಷ್ಟು ಬಿಟ್ಟರೆ ಸಾಕು, ಕೆಳಗಿನ ಒಂದೆರಡು ಮಡಿಕೆ ತಾವೇ ಕೂತು ಹಾಯಿ ಕಿರಿದಾಗುತ್ತದೆ. ಕಟ್ಟುವುದು, ಗಂಟು ಹಾಕುವುದು ಏನೂ ಇಲ್ಲ.

ಇದರ ಬೆಲೆ ಪಶ್ಚಿಮದವರಿಗೆ ತೋರಿಸಿದವರು ಬ್ಲಾಂಡಿ ಹಾಸ್ಲರ್. ನಿವೃತ್ತ ಸೇನಾಧಿಕಾರಿ. 1960ರಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟುವ ಮೊದಲ ರೇಸ್‌ಗೆ ಅವರು ತಂದದ್ದು ಜೆಸ್ಟರ್ ಎಂಬ 25 ಅಡಿಯ ದೋಣಿ, ತಂತಿಯಿಲ್ಲದ ಒಂದೇ ಕಂಬ, ಜಂಕ್ ಹಾಯಿ. ಹಾಯಿಯ ಕೆಲಸವನ್ನೆಲ್ಲ ಮೇಲ್ಛಾವಣಿಯ ಕಿಂಡಿಯಲ್ಲಿ ನಿಂತೇ ಮಾಡಬೇಕು, ಒದ್ದೆ ಡೆಕ್ಕಿನ ಮೇಲೆ ಹೋಗಬಾರದು ಎಂಬುದು ಅವರ ಹಠ. ಅದನ್ನು ಸಾಧಿಸಿ 48 ದಿನಗಳಲ್ಲಿ ಎರಡನೆಯವರಾಗಿ ನ್ಯೂಯಾರ್ಕ್ ಮುಟ್ಟಿದರು. ಗೆದ್ದ ಫ್ರಾನ್ಸಿಸ್ ಚಿಚೆಸ್ಟರ್ 40 ದಿನ ತೆಗೆದುಕೊಂಡಿದ್ದರು, ಅವರ ದೋಣಿ ಬಹಳ ದೊಡ್ಡದು.

ನಮಗೆ ಜಂಕ್ ಏಕೆ ಹೊಂದುತ್ತದೆಂದರೆ ಬಟ್ಟೆ. ಬರ್ಮುಡಾ ಹಾಯಿಯಲ್ಲಿ ಎಳೆತವೆಲ್ಲ ಬಟ್ಟೆಯ ಮೂಲೆಗಳ ಮೇಲೆ ಬೀಳುತ್ತದೆ. ಹಾಗಾಗಿ ಡಾಕ್ರಾನ್ ಎಂಬ ದುಬಾರಿ ಹಾಯಿಬಟ್ಟೆ, ಅದನ್ನು ಹೊಲಿಯಲು ಬಲ್ಲವರು ಬೇಕು. ಜಂಕ್‌ನಲ್ಲಿ ಭಾರ ದಬ್ಬೆಗಳಿಗೆ ಹಂಚಿಹೋಗುತ್ತದೆ. ಕಾಫಿ ಒಣಗಿಸುವ ಕಣಕ್ಕೆ ಹೊದಿಸುವ ದಪ್ಪ ಟಾರ್ಪಾಲಿನ್ ಎರಡು ಮೂರು ಹಂಗಾಮಿಗೆ ಬರುತ್ತದೆ. ಒಂದು ಕಡೆ ಹರಿದರೂ ಹರುಕು ಅಲ್ಲಿನ ದಬ್ಬೆಯ ಬಳಿ ನಿಲ್ಲುತ್ತದೆ, ದಡ ಸೇರಬಹುದು. ದಬ್ಬೆಗೆ ಗಂಡುಬಿದಿರಿನ ಸೀಳು ಅಥವಾ ವೈರಿಂಗ್‌ಗೆ ಬಳಸುವ ದಪ್ಪ ಪಿವಿಸಿ ಪೈಪ್.

ಮಟ್ಟಸ ಬಟ್ಟೆಯಿಂದ ಮಾಡಿದ ಜಂಕ್ ಎದುರುಗಾಳಿಗೆ ಮಂದ. ಈಗಿನ ಕಟ್ಟುಗರು ಪ್ರತಿ ಮಡಿಕೆಗೂ ಸ್ವಲ್ಪ ಉಬ್ಬು ಕೊಟ್ಟು ಹೊಲಿಯುತ್ತಾರೆ, ಆಗ ಬಹಳ ಸುಧಾರಿಸುತ್ತದೆ. ಇನ್ನೊಂದು ತೊಡಕು ಹಗ್ಗಗಳದ್ದು: ಪ್ರತಿ ದಬ್ಬೆಯ ಹಿಂತುದಿಯಿಂದ ಒಂದೊಂದು ಎಳೆ ಬಂದು ಒಂದೇ ಹಗ್ಗಕ್ಕೆ ಕೂಡಬೇಕು. ತಿರುಗುವಾಗ ಆ ಎಳೆಗಳು ದಡದ ಕೊಂಬೆಗೆ ಸಿಕ್ಕಿಕೊಳ್ಳುತ್ತವೆ. ಅಂಚಿನುದ್ದಕ್ಕೂ ಮರ ಬಾಗಿದ ಸಣ್ಣ ಕೆರೆಗೆ ಜಂಕ್ ಬೇಡ, ಹಿನ್ನೀರಿಗೆ ಆದೀತು. ತೂಕವೂ ಲಗ್‌ಗಿಂತ ಹೆಚ್ಚು.

ಸ್ಪ್ರಿಟ್, ಲ್ಯಾಟೀನ್, ಏಡಿಕೊಂಬು

ಮಕ್ಕಳಿಗೆ ಸ್ಪ್ರಿಟ್. ಇದರಲ್ಲಿ ಎರಡನೇ ಮಾತಿಲ್ಲ. ಜಗತ್ತಿನಾದ್ಯಂತ ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿ, 1947ರಲ್ಲಿ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್ ರೂಪಿಸಿದ್ದು, ಇದೇ ರಿಗ್ ಹೊತ್ತಿದೆ: ಎರಡೂ ಕಾಲು ಮೀಟರಿಗಿಂತ ಸ್ವಲ್ಪ ಉದ್ದದ ದೋಣಿ, 3.3 ಚದರ ಮೀಟರ್ ಹಾಯಿ, ಗಿಡ್ಡ ಕಂಬ, ಕಂಬದಿಂದ ಹಾಯಿಯ ಮೇಲಿನ ಹಿಂಮೂಲೆಗೆ ಓರೆಯಾಗಿ ಒತ್ತುವ ಒಂದು ತೆಳು ಕೋಲು. ಆ ಕೋಲು ಕಳಚಿದರೆ ಹಾಯಿಯ ಮೇಲರ್ಧ ಕುಸಿದು ಗಾಳಿ ಹಿಡಿಯುವುದು ನಿಲ್ಲುತ್ತದೆ. ಮನೆಯಲ್ಲಿ ಕಟ್ಟುವವರು ಕೆಳಗಿನ ಗಳವನ್ನು ಬಿಟ್ಟೇಬಿಡಬಹುದು. ಆಗ ಮಗುವಿನ ತಲೆಗೆ ತಾಗುವಂಥದ್ದು ಏನೂ ಉಳಿಯುವುದಿಲ್ಲ.

ಲ್ಯಾಟೀನ್ ನಮ್ಮ ಪಡುವಣ ಕರಾವಳಿಗೆ ಹಳೆಯ ಪರಿಚಯ. ಅರಬ್ಬರ ಧೋ, ಬೇಪೂರಿನ ಉರು, ಮಂಗಳೂರಿನ ಪತ್ತೆಮಾರಿ ಎಲ್ಲಕ್ಕೂ ಓರೆ ಉದ್ದಗಳಕ್ಕೆ ಕಟ್ಟಿದ ಈ ಬಗೆಯ ಹಾಯಿಯೇ. ತಿಂಗಳುಗಟ್ಟಲೆ ಒಂದೇ ಕಡೆಯಿಂದ ಬೀಸುವ ಮಾನ್ಸೂನ್ ಗಾಳಿಗೆ ಅದು ಹೇಳಿಮಾಡಿಸಿದಂತಿತ್ತು. ದಿಕ್ಕು ಬದಲಿಸಬೇಕಾದರೆ ಆ ಉದ್ದಗಳವನ್ನು ಕಂಬದ ಇನ್ನೊಂದು ಬದಿಗೆ ಹೊತ್ತು ತರಬೇಕು, ಅಥವಾ ಬಟ್ಟೆ ಕಂಬಕ್ಕೆ ಒತ್ತಿದ್ದನ್ನು ಸಹಿಸಬೇಕು. ಐದು ನಿಮಿಷಕ್ಕೊಮ್ಮೆ ತಿರುಗಬೇಕಾದ ಕೆರೆಯಲ್ಲಿ ದೊಡ್ಡ ಲ್ಯಾಟೀನ್ ದಣಿಸುತ್ತದೆ. ಸನ್‌ಫಿಶ್‌ನಂಥ ಪುಟ್ಟ ದೋಣಿಯ ಗಿಡ್ಡ ಲ್ಯಾಟೀನ್ ಬೇರೆ ಮಾತು, ಅದು ಸಲೀಸು.

ಪೆಸಿಫಿಕ್ ದ್ವೀಪಗಳ ಏಡಿಕೊಂಬು ಹಾಯಿ ನೋಡುವುದಕ್ಕೆ ಅತ್ಯಂತ ಸುಂದರ. ಎರಡು ಬಾಗಿದ ಗಳಗಳು ಮುಂದೆ ಒಂದು ಬಿಂದುವಿನಲ್ಲಿ ಕೂಡಿ ಹಿಂದಕ್ಕೆ ಬಾಯಿ ತೆರೆದಿರುತ್ತವೆ. ಹಾಯಿಯ ವಾಯುಬಲವನ್ನು ಅಧ್ಯಯನ ಮಾಡಿದ ಮರ್ಚಾಯ್ ಗಾಳಿಸುರಂಗದಲ್ಲಿ ಇದನ್ನು ಪರೀಕ್ಷಿಸಿದಾಗ ಗಾಳಿಗೆ ಹೆಚ್ಚು ಕೋನದಲ್ಲಿಟ್ಟಾಗಲೂ ಇದು ಬಲ ಕಳೆದುಕೊಳ್ಳದೆ ಎಳೆಯುವುದು ಕಂಡುಬಂತು. ಅಂಚುಗಳಲ್ಲಿ ಏಳುವ ಸುಳಿಗಳೇ ಅದಕ್ಕೆ ಕಾರಣ. ಗಾಳಿಗೆ ಅಡ್ಡಲಾಗಿ ಓಡಲು ಬಲು ಚೆನ್ನ. ಆದರೆ ಅದನ್ನು ಹೊರುವ ಪ್ರೋವಾ ದೋಣಿ ತಿರುಗುವ ಕ್ರಮವೇ ಬೇರೆ: ಹಾಯಿಯ ಬುಡವನ್ನು ಬಿಚ್ಚಿ ದೋಣಿಯ ಇನ್ನೊಂದು ತುದಿಗೆ ಒಯ್ಯಬೇಕು, ಹಿಂದಿದ್ದದ್ದು ಮುಂದಾಗುತ್ತದೆ. ತೆರೆದ ಸಮುದ್ರದಲ್ಲಿ ಅದಕ್ಕೆ ಹೊತ್ತಿರುತ್ತದೆ, ಇಲ್ಲಿ ಅಷ್ಟರಲ್ಲಿ ದಡಕ್ಕೆ ತಾಗಿರುತ್ತೀರಿ.

ಎರಡು ಕಾಲಿನ ಕಂಬ

ಜಾವಾದ ಬೊರೊಬುದೂರ್ ಸ್ತೂಪದ ಗೋಡೆಯಲ್ಲಿ ಸಾವಿರದ ಇನ್ನೂರು ವರ್ಷ ಹಿಂದೆ ಕೆತ್ತಿದ ಹಡಗುಗಳಿವೆ. ಅವುಗಳ ಕಂಬ ಒಂಟಿಯಲ್ಲ, ಎರಡು ಗಳಗಳನ್ನು ಅಗಲಿಸಿ ನಿಲ್ಲಿಸಿ ತುದಿಯಲ್ಲಿ ಕೂಡಿಸಿದ್ದು. 1947ರಲ್ಲಿ ಪೆರುವಿನಿಂದ ಪಾಲಿನೇಷ್ಯಾಕ್ಕೆ ಹೋದ ಕಾನ್‌ಟಿಕಿ ತೆಪ್ಪದ ಕಂಬವೂ ಹೀಗೆಯೇ, ಮ್ಯಾಂಗ್ರೋವ್ ಮರದ್ದು.

ಇದರ ಲಾಭ ಎರಡು. ಒಂಟಿ ಕಂಬ ಹಾಯಿಯ ಮುಂದೆಯೇ ನಿಂತು ಗಾಳಿಯನ್ನು ಕಲಕುತ್ತದೆ, ಹಾಯಿಯ ಮುಂದಿನ ಅಂಚು ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ; ಎರಡು ಕಾಲಿನ ಕಂಬದಲ್ಲಿ ಹಾಯಿ ನಡುವೆ ಸ್ವಚ್ಛ ಗಾಳಿಯಲ್ಲಿರುತ್ತದೆ. ಎರಡನೆಯದು ನಮಗೆ ಹೆಚ್ಚು ಮುಖ್ಯ: ಅಡ್ಡಹಲಗೆಗೆ ತೂತು ಕೊರೆಯಬೇಕಿಲ್ಲ. ಡ್ರಮ್ಮು ಕಟ್ಟಿದ ತೆಪ್ಪಕ್ಕೋ ಎರಡು ದೋಣಿಗಳನ್ನು ಜೋಡಿಸಿದ ಕಟಾಮರಾನ್‌ಗೋ ಕಾಲುಗಳನ್ನು ಎರಡು ಬದಿಗೆ ಊರಬಹುದು, ಮುಂದಿನ ಒಂದು ಹಗ್ಗ ಬಿಟ್ಟರೆ ಇಡೀ ಚೌಕಟ್ಟು ಹಿಂದಕ್ಕೆ ಮಲಗುತ್ತದೆ. ಆದರೆ ಎರಡು ಗಳ ಎಂದರೆ ಗಾಳಿಗೆ ಎರಡರಷ್ಟು ಅಡ್ಡಿ. ಕಿರಿದಾದ ದೋಣಿಗೆ ಕಾಲುಗಳ ನಡುವೆ ಅಂತರ ಸಾಲದು. ಹೋಂಸ್ಟೇ ಇಟ್ಟುಕೊಂಡು ಅಗಲದ ತೆಪ್ಪ ಮಾಡಿಸಿರುವವರು ಇದನ್ನು ಗಂಭೀರವಾಗಿ ಯೋಚಿಸಬಹುದು. ಹರಿಗೋಲಿಗೆ ಮಾತ್ರ ಯಾವ ಹಾಯಿಯನ್ನೂ ಕಟ್ಟಬೇಡಿ. ದುಂಡು ತಳಕ್ಕೆ ನೀರಿನಲ್ಲಿ ಹಿಡಿತವಿಲ್ಲ, ಗಾಳಿ ಬಂದರೆ ಸುತ್ತುತ್ತ ಎಲ್ಲಿಗೆಂದರಲ್ಲಿಗೆ ತೇಲುತ್ತದೆ.

ತಿರುಗುವ ಕಂಬಗಳು, ಹಾಯಿಯಿಲ್ಲದ ಕಂಬಗಳು

ಇವುಗಳ ಬಗ್ಗೆ ಓದಿದಷ್ಟೂ ಖುಷಿ, ಆದರೆ ಹೆಚ್ಚಿನವು ನಮ್ಮ ಕೈಗೆಟುಕುವುದಿಲ್ಲ. ಜರ್ಮನಿಯ ವಿಲ್ಹೆಲ್ಮ್ ಪ್ರೋಲ್ಸ್ 1960ರ ದಶಕದಲ್ಲಿ ಸರಕು ಹಡಗಿಗಾಗಿ ಯೋಚಿಸಿದ ಡೈನಾರಿಗ್‌ನಲ್ಲಿ ಅಡ್ಡಗಳಗಳು ಕಂಬಕ್ಕೇ ಭದ್ರವಾಗಿರುತ್ತವೆ, ಕಂಬವೇ ಬುಡದಿಂದ ತಿರುಗುತ್ತದೆ. ಅದು ನಿಜವಾಗಿ ನೀರಿಗಿಳಿದದ್ದು 2006ರಲ್ಲಿ, 88 ಮೀಟರ್ ಉದ್ದದ ಮಾಲ್ಟೀಸ್ ಫಾಲ್ಕನ್ ಹಡಗಿನಲ್ಲಿ: ಮೂರು ಕಾರ್ಬನ್ ಕಂಬ, 15 ಹಾಯಿ, ಆಸರೆಗೆ ಒಂದು ತಂತಿಯೂ ಇಲ್ಲ. 2010ರ ಅಮೆರಿಕಾಸ್ ಕಪ್ ಗೆದ್ದ ದೋಣಿಗೆ ಬಟ್ಟೆಯ ಬದಲು ವಿಮಾನದ ರೆಕ್ಕೆಯಂಥ ಗಟ್ಟಿ ಹಾಯಿಯೇ ಇತ್ತು. ಅದರ ವೇಗ ಅದ್ಭುತ, ಆದರೆ ಗಾಳಿ ಎದ್ದರೆ ಇಳಿಸುವಂತಿಲ್ಲ, ದಡಕ್ಕೆ ಬಂದರೆ ಕ್ರೇನ್ ಬೇಕು.

1924ರಲ್ಲಿ ಆಂಟನ್ ಫ್ಲೆಟ್ನರ್ ಬುಕಾವ್ ಹಡಗಿಗೆ ಹಾಯಿ ತೆಗೆದು ಎರಡು ಎತ್ತರದ ಉರುಳೆಗಳನ್ನು ನಿಲ್ಲಿಸಿದರು. ಮೋಟಾರಿನಿಂದ ಸುತ್ತುವ ಉರುಳೆಯ ಒಂದು ಬದಿಯಲ್ಲಿ ಗಾಳಿ ವೇಗ ಪಡೆದು, ಇನ್ನೊಂದು ಬದಿಯಲ್ಲಿ ನಿಧಾನವಾಗಿ, ಹಡಗು ಮುಂದಕ್ಕೆ ಎಳೆಯಲ್ಪಡುತ್ತದೆ. 1926ರಲ್ಲಿ ಆ ಹಡಗು ಅಟ್ಲಾಂಟಿಕ್ ದಾಟಿತು. ಇಂಧನ ಉಳಿಸಲು ಈಗ ಸರಕು ಹಡಗುಗಳು ಮತ್ತೆ ಇದರತ್ತ ಹೊರಳುತ್ತಿವೆ. ಕೆರೆಯ ದೋಣಿಗೆ ಮೋಟಾರು ಹೇಗೂ ಬೇಕೆಂದಾದರೆ ಉರುಳೆ ಏಕೆ?

ಈ ಗುಂಪಿನಲ್ಲಿ ಮನೆಯಲ್ಲೇ ಮಾಡಬಹುದಾದದ್ದು ಬ್ಯಾಲೆಸ್ಟ್ರಾನ್. ತಂತಿಯಿಲ್ಲದ ಕಂಬಕ್ಕೆ ಒಂದೇ ಉದ್ದ ಅಡ್ಡಗಳ, ಅದರ ಹಿಂದೆ ದೊಡ್ಡ ಹಾಯಿ, ಮುಂದಿನ ತುದಿಯಲ್ಲಿ ಚಿಕ್ಕ ಹಾಯಿ, ಎಲ್ಲವೂ ಒಟ್ಟಿಗೆ ತಿರುಗುತ್ತವೆ. ಒಂದೇ ಹಗ್ಗದಲ್ಲಿ ಎರಡು ಹಾಯಿ. ಆದರೆ ಕಂಬ ನುಣ್ಣಗೆ ತಿರುಗಲು ಬುಡದಲ್ಲಿ ಒಳ್ಳೆ ಬೇರಿಂಗ್ ಬೇಕು, ಅಲ್ಲಿ ಬಹಳ ಬಲ ಬೀಳುತ್ತದೆ. ಲಗ್ ಕಟ್ಟಿ ಎರಡು ಹಂಗಾಮು ಓಡಿಸಿದವರು ಮುಂದಿನ ಹೆಜ್ಜೆಯಾಗಿ ನೋಡಲಿ.

ಯಾರಿಗೆ ಯಾವುದು

ಎರಡು ಎಕರೆಯ ತೋಟದ ಕೆರೆ, ಸುತ್ತ ಮರ, ಓಡಿಸುವವರು ಮಕ್ಕಳು: ಸ್ಪ್ರಿಟ್, 3 ಚದರ ಮೀಟರ್ ಮೀರದ ಹಾಗೆ. ಹಾರಂಗಿಯಂಥ ಹಿನ್ನೀರು, ಒಬ್ಬರೋ ಇಬ್ಬರೋ ದೊಡ್ಡವರು: ಬ್ಯಾಲೆನ್ಸ್ ಲಗ್. ಹದಿನೈದು ಅಡಿ ಮೀರಿದ ದೋಣಿ, ಇಡೀ ದಿನ ನೀರಿನ ಮೇಲಿರುವ ಆಸೆ, ವಯಸ್ಸು ಅರವತ್ತು ದಾಟಿದೆ ಎಂದಾದರೆ ಜಂಕ್ ಕಲಿಯುವ ಶ್ರಮ ಸಾರ್ಥಕ. ಅಗಲದ ತೆಪ್ಪಕ್ಕೆ ಎರಡು ಕಾಲಿನ ಕಂಬಕ್ಕೆ ತೂಗಿದ ಲಗ್. ಬೆಂಗಳೂರಿಗೆ, ಮೈಸೂರಿಗೆ ಹೋಗಿ ರೇಸ್ ಓಡಬೇಕೆಂಬ ಹುಡುಗ ಹುಡುಗಿಯರು ಮಾತ್ರ ಬರ್ಮುಡಾ ರಿಗ್‌ನ ದೋಣಿಯಲ್ಲೇ ಕಲಿಯಬೇಕು. ಅವರಿಗೆ ನಾನು ಲಗ್ ಹೇಳಿದರೆ ಅನ್ಯಾಯ.

ಅಲ್ಯೂಮಿನಿಯಂ, ಬಿದಿರು ಮತ್ತು ಒಂದು ಮೂಟೆ ಕಾಫಿ

ಕಂಬಕ್ಕೆ ಅಲ್ಯೂಮಿನಿಯಂ ಪೈಪ್ ಹಗುರ, ಸುಲಭ. ಆದರೆ ಕರಿಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಜೀವ ಹೋದ ಸುದ್ದಿಯನ್ನು ಕೊಡಗಿನಲ್ಲಿ ಕೇಳದವರಿಲ್ಲ. ಹಾಯಿಕಂಬಕ್ಕೂ ಅದೇ ಅಪಾಯ. ಕೆರೆಯ ಮೇಲೆ, ದೋಣಿ ಇಳಿಸುವ ದಾರಿಯ ಮೇಲೆ ಲೈನ್ ಹಾದುಹೋಗಿದ್ದರೆ ಅಲ್ಲಿ ಯಾವ ಕಂಬವನ್ನೂ ನೆಟ್ಟಗೆ ನಿಲ್ಲಿಸಬೇಡಿ, ಒದ್ದೆ ಬಿದಿರನ್ನೂ ಕೂಡ. ಗುಡುಗು ಕೇಳಿದ ಕೂಡಲೇ ಹಾಯಿ ಇಳಿಸಿ ದಡ ಸೇರಿ.

ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆಂದು ಹಲವರು ಅದನ್ನೇ ಕಡಿಯಲು ಹೊರಡುತ್ತಾರೆ. ಪ್ಲೈವುಡ್‌ಗೆ, ಪೆಟ್ಟಿಗೆಗೆ ಸರಿ, ಬಾಗಬೇಕಾದ ಕಂಬಕ್ಕೆ ಅದನ್ನು ನಂಬಬಾರದು. ಗಂಡುಬಿದಿರು ಒಳ್ಳೆಯದು: ಒಳಗೆ ಬಹುತೇಕ ತುಂಬಿರುತ್ತದೆ, ಬಾಗುತ್ತದೆ, ಮುರಿಯುವ ಮೊದಲು ಸದ್ದು ಮಾಡುತ್ತದೆ. ಮೇಲಿನ ಗಳ, ಕೆಳಗಿನ ಗಳಕ್ಕೆ ಅದಕ್ಕಿಂತ ಉತ್ತಮವಾದದ್ದು ಸಿಗಲಾರದು. ಕಾಡಿನ ಬಿದಿರಿಗೆ ಕೈ ಹಾಕದೆ ಸ್ವಂತ ತೋಟದ್ದನ್ನೋ ಮೇದರ ಬಳಿ ಕೊಂಡದ್ದನ್ನೋ ಬಳಸಿ. ಮೂರು ವರ್ಷ ದಾಟಿದ ಗಳ ಆಗಬೇಕು. ಎಳೆಯದು ಒಣಗುವಾಗ ಸೀಳುತ್ತದೆ. ಕಡಿದ ಮೇಲೆ ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಪಿಷ್ಟ ತೊಳೆದುಹೋಗಿ ಕುಟ್ಟೆ ಹಿಡಿಯುವುದು ಕಡಿಮೆಯಾಗುತ್ತದೆ. ಆಮೇಲೆ ನೆರಳಿನಲ್ಲಿ, ನೆಟ್ಟಗೆ ನಿಲ್ಲಿಸಿ ಒಣಗಿಸಬೇಕು. ಅಡ್ಡಹಲಗೆ ತಾಗುವ ಜಾಗಕ್ಕೆ ಫೈಬರ್ ಬಟ್ಟೆ ಸುತ್ತಿ ಎಪಾಕ್ಸಿ ಹಚ್ಚಿ.

ದೋಣಿಗೆ ಹಾಕುವ ಮೊದಲು ಕಂಬವನ್ನು ಪರೀಕ್ಷಿಸಲೇಬೇಕು, ಲೆಕ್ಕ ಸರಳ. 70 ಕೆಜಿ ತೂಕದವರು ದೋಣಿಯ ನಡುಗೆರೆಯಿಂದ 60 ಸೆಂಟಿಮೀಟರ್ ಹೊರಗೆ ಕೂತರೆ ಅವರು ತಡೆಯಬಲ್ಲ ವಾಲುವ ಬಲ 42 ಕೆಜಿ–ಮೀಟರ್. ಕಂಬ ಹೊರಬೇಕಾದದ್ದೂ ಹೆಚ್ಚು ಕಡಿಮೆ ಅಷ್ಟೇ, ಅದಕ್ಕಿಂತ ಹೆಚ್ಚಾದರೆ ದೋಣಿಯೇ ವಾಲುತ್ತದೆ. ಹೊಡೆತದ ಗಾಳಿಗೂ ದೋಣಿಯ ಅಗಲ ಕೊಡುವ ಬಲಕ್ಕೂ ಸೇರಿಸಿ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಇಟ್ಟುಕೊಳ್ಳಿ: 100. ಅಂದರೆ ಅಡ್ಡಹಲಗೆಯಿಂದ 2 ಮೀಟರ್ ದೂರದಲ್ಲಿ 50 ಕೆಜಿ. ಕಾಫಿ ಚೆರಿಯ ಒಂದು ಮೂಟೆ. ಕಣದ ಕಟ್ಟೆಯ ಅಂಚನ್ನು ಅಡ್ಡಹಲಗೆಯೆಂದು ಎಣಿಸಿ, ಅಲ್ಲಿ ಹಳೆ ಗೋಣಿ ಹಾಸಿ, ಕಂಬವನ್ನು ಅಡ್ಡಕ್ಕೆ ಮಲಗಿಸಿ. ಬುಡವನ್ನು ದೋಣಿಯಲ್ಲಿ ಎಷ್ಟು ಅಂತರವಿರುತ್ತದೋ ಅಷ್ಟೇ ಅಂತರದಲ್ಲಿ ನೆಲಕ್ಕೆ ಬಲವಾಗಿ ಬಿಗಿಯಿರಿ. ಹೊರಚಾಚಿದ ಭಾಗದಲ್ಲಿ 2 ಮೀಟರ್ ಅಳೆದು ಮೂಟೆಯನ್ನು ನಿಧಾನವಾಗಿ ತೂಗುಬಿಡಿ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಹತ್ತು ನಿಮಿಷ ಬಿಟ್ಟು ಇಳಿಸಿ. ಗಳ ಪೂರ್ತಿ ನೆಟ್ಟಗಾದರೆ ದೋಣಿಗೆ ಹಾಕಬಹುದು. ಬಾಗು ಉಳಿದರೆ, ನಡುವೆ ಚಟ್ಟೆಂದು ಸದ್ದು ಬಂದಿದ್ದರೆ, ಗೆಣ್ಣಿನ ಪಕ್ಕ ಕೂದಲೆಳೆಯಷ್ಟು ಸೀಳು ಕಂಡರೂ ಆ ಗಳವನ್ನು ತೋಟದ ಬೇಲಿಗೆ ಬಳಸಿ ಇನ್ನೊಂದನ್ನು ಆರಿಸಿ.